ಕೊನೆಯ ಓಣಿ

ಡಾಕ್ಟರು ಪರದೆಯ ಮೇಲೆ ಚಿತ್ರ ತಂದಾಗ
ತೊಕುಜಿ ಟೊಪ್ಪಿ ತೆಗೆದ.
ಮೂವತ್ತೊಂದು ಚಳಿಗಾಲ ಯೊಕೊತೆ ಊರಿನ ಹಿಮ ಬಾಚಿದವನು,
ರಾತ್ರಿ ಎರಡಕ್ಕೆದ್ದು ಕಿತ್ತಳೆ ಬಣ್ಣದ ಯಂತ್ರ ಹತ್ತುತ್ತಿದ್ದವನು,
ತನ್ನದೇ ತಲೆಯ ಒಳಗನ್ನು
ಕಣ್ಣು ಕಿರಿದು ಮಾಡಿ ನೋಡಿ,
"ಇಲ್ಲಿ ಇನ್ನೂ ಬಾಚಿಲ್ಲ" ಅಂದ.

ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ.
ಒನೊದೆರಾ ಡಾಕ್ಟರಮ್ಮ ನಗಲಿಲ್ಲ.
ಪೆನ್ನಿನ ತುದಿ ಇಟ್ಟರು:
ನಡುವೆ ಎರಡು ಕಪ್ಪು ಕೊಳ,
ದಡದುದ್ದಕ್ಕೂ ಬಿಳಿ, ತೇಪೆ ತೇಪೆ ಬಿಳಿ.
ಹೆದ್ದಾರಿಯಂಥ ನಾಳಗಳು ಸರಿಯಾಗೇ ಇವೆಯಂತೆ.
ಅವುಗಳಿಂದ ಕವಲೊಡೆದು ಆಳಕ್ಕಿಳಿದು
ಕೂದಲಿಗಿಂತ ತೆಳ್ಳಗಾಗಿ
ಅಲ್ಲೇ ಮುಗಿದುಹೋಗುವ ಓಣಿಗಳಿವೆಯಲ್ಲ,
ತೊಂದರೆ ಅಲ್ಲಿ.
ವಯಸ್ಸಿಗೆ ಗೋಡೆ ದಪ್ಪವಾಗುತ್ತದೆ, ಬಾಗುವುದು ಮರೆಯುತ್ತದೆ.
ಮೊದಲೆಲ್ಲ ಎದೆಯ ಬಡಿತ ದಾರಿಯಲ್ಲೇ ಮೆತ್ತಗಾಗಿ
ಅಲ್ಲಿಗೆ ತಲುಪುತ್ತಿತ್ತು.
ಈಗ ಹೊರಟ ಜೋರಿನಲ್ಲೇ ಬಂದು ಗುದ್ದುತ್ತದೆ,
ದಿನಕ್ಕೆ ಲಕ್ಷ ಸಲ.

ಒಂದು ಕಡೆ ಹೆಸರುಕಾಳಿನಷ್ಟು ತೂತು.
"ಇದು ಯಾವತ್ತು ಆಯಿತೋ, ನಿಮಗೆ ಗೊತ್ತೇ ಆಗಿರಲಿಕ್ಕಿಲ್ಲ."
ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಅದನ್ನೇ ಹುಡುಕುತ್ತಿದ್ದೆ.
ಪೇರಳೆ ಸುಲಿಯುತ್ತಾ ಚಾಕು ಕೆಳಗಿಟ್ಟು
ಸುಮ್ಮನೆ ಕೂತಿದ್ದನಲ್ಲ, ಆ ಸಂಜೆಯೇ?
ನಾನು ಬೈದಿದ್ದೆ ಅವತ್ತು.

ಮದುವೆಯಾದ ವರ್ಷ ಮನೆಮನೆಗೆ ನರ್ಸಮ್ಮ ಬರುತ್ತಿದ್ದಳು,
ತೋಳಿಗೆ ಪಟ್ಟಿ ಕಟ್ಟಿ, ಗಾಳಿ ಒತ್ತಿ,
ಮಿಸೊ ಸಾರು ದಿನಕ್ಕೊಂದೇ ಬಟ್ಟಲು ಸಾಕು ಅನ್ನುತ್ತಿದ್ದಳು.
ಅತ್ತೆ ತಲೆಯಾಡಿಸಿ
ಚಹಾದ ಜೊತೆ ಹೊಗೆಮೂಲಂಗಿಯ ಉಪ್ಪಿನಕಾಯಿ ಇಟ್ಟರು.
ಪಾಪ, ಮರ್ಯಾದೆಗೆ ಮೂರು ಹೋಳು ತಿಂದಳು,
ನಾಲ್ಕನೆಯದಕ್ಕೆ ತಾನಾಗಿ ಕೈಚಾಚಿದಳು.
ಅತ್ತೆ ಗೆದ್ದರು. ಅರವತ್ಮೂರಕ್ಕೆ
ಬಚ್ಚಲ ಹೊಸ್ತಿಲಲ್ಲಿ ಬಿದ್ದು ಹೋದರು.
ಆ ಪೀಪಾಯಿ, ಆ ಕಲ್ಲು, ಆ ಉಪ್ಪಿನ ಅಳತೆ
ನನ್ನ ಕೈಗೆ ಬಂತು.
ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ.
ಉಣಬಡಿಸಿದವಳು ಏನು ಕುಡಿಯಬೇಕು?

ಅವನು ಯಾರನ್ನೂ ಮರೆತಿಲ್ಲ, ಅದು ಬೇರೆ ಕಾಯಿಲೆ.
ಹೆಸರು ಬರುತ್ತದೆ, ತಡವಾಗಿ,
ಹಿಮದಲ್ಲಿ ಹೂತ ಕಾಲು ಕಿತ್ತುಕೊಂಡು ಬಂದ ಹಾಗೆ.
ಅಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತದೆ.
ಪಾದ ನೆಲಕ್ಕೆ ಅಂಟುತ್ತದೆ. ಕಾಲುಚೀಲಕ್ಕೆ ಮೊದಲೇ
ಬೂಟು ಕೈಗೆತ್ತಿಕೊಂಡು ನಿಲ್ಲುತ್ತಾನೆ.

ಆಸ್ಪತ್ರೆಯಿಂದ ಏಳುವ ಮುಂಚೆ ಒಂದೇ ಪ್ರಶ್ನೆ ಕೇಳಿದ:
"ಆ ಓಣಿಗಳ ಕೊನೆಮನೆಯಲ್ಲಿ ಯಾರಿದ್ದಾರೆ?"
ಡಾಕ್ಟರಮ್ಮ ಯೋಚಿಸಿದರು, ಸುಮಾರು ಹೊತ್ತು.
"ನಿಮ್ಮ ನಡಿಗೆ," ಅಂದರು. "ಮತ್ತೆ...
ಒಂದಾದ ಮೇಲೆ ಯಾವುದು ಅನ್ನುವುದು."
ಬಿದ್ದದ್ದು ಕರಗುವುದಿಲ್ಲ,
ಇನ್ನಷ್ಟು ಬೀಳುವುದನ್ನು ನಿಧಾನ ಮಾಡಬಹುದು.
ಬೆಳಿಗ್ಗೆ ಒಂದು ಮಾತ್ರೆ. ರಾತ್ರಿ ಅರ್ಧ.

ಈಗ ಆರು ಗಂಟೆಗೆ ತೋಳು ಚಾಚಿ ಕೂರುತ್ತಾನೆ.
ಹಳೆಯ ಇಲಾಖೆಯ ಪುಸ್ತಕದಲ್ಲಿ,
ಹಿಮದ ಆಳ ಸೆಂಟಿಮೀಟರುಗಳಲ್ಲಿ ಎಂಬ ಅಂಕಣದ ಕೆಳಗೆ
ನೂರ ಅರವತ್ತೆಂಟು. ನೂರ ಐವತ್ತೊಂದು. ನೂರ ಮೂವತ್ತಾರು.
"ಇಷ್ಟು ಬಿದ್ದರೆ ಶಾಲೆಗೆ ರಜೆ," ಅನ್ನುತ್ತಾನೆ.

ಈ ಸಲ ಪೀಪಾಯಿಗೆ ಅರ್ಧ ಉಪ್ಪು ಹಾಕಿದೆ.
ಮೇಲಿನ ಸಾಲಿಗೆ ಬೂಷ್ಟು ಬಂತು, ಬಿಸಾಡಿದೆ.
ಕೆಳಗಿನದು ಪರವಾಗಿಲ್ಲ, ಸ್ವಲ್ಪ ಹುಳಿ.

ನಿನ್ನೆ ನಡುರಾತ್ರಿ ಹಾಸಿಗೆ ಖಾಲಿ.
ಹೊರಗೆ ಬಾಗಿಲ ದೀಪದ ಕೆಳಗೆ ನಿಂತಿದ್ದ,
ಕೋಟಿನ ಗುಂಡಿ ಒಂದು ಮನೆ ತಪ್ಪಿ.
ದೂರದ ದೊಡ್ಡ ರಸ್ತೆಯಲ್ಲಿ ಹೊಸ ಹುಡುಗನ ಯಂತ್ರ
ಗುರುಗುಟ್ಟುತ್ತಾ ಹಾದುಹೋಯಿತು,
ನಮ್ಮ ಓಣಿಗೆ ತಿರುಗಲಿಲ್ಲ.
ಸಲಿಕೆ ಅವನ ಕೈಯಿಂದ ನಾನು ತೆಗೆದುಕೊಂಡೆ.
"ಗಾಡಿ ಬರುವಷ್ಟು ಬೇಡ, ಫುಸಾ," ಅಂದ.
"ಒಬ್ಬರು ನಡೆಯುವಷ್ಟು ಸಾಕು."
ಆಮೇಲೆ, ಬಹಳ ಹೊತ್ತಿನ ಮೇಲೆ,
"ಆ ಕಡೆಯಿಂದ ಶುರು ಮಾಡು."